ಲಾರೆನ್ಸನ ಅಡುಗೆಮನೆ, ನನ್ನ ಅಡುಗೆಮನೆ

2003ರಲ್ಲಿ ನಮ್ಮ ಸಭೆಯ ಸ್ತ್ರೀಯರ ಅನ್ಯೋನ್ಯ ಕೂಟದ ಹಿರಿಯರೊಬ್ಬರು ನನ್ನ ಕೈಗೆ ಪುಟ್ಟದೊಂದು ಇಂಗ್ಲಿಷ್ ಪುಸ್ತಕ ಕೊಟ್ಟು, ‘ನೀ ಟೀಚರ್ ಇದ್ದಿ, ಓದಿ ನಮಗೆಲ್ಲಾ ಹೇಳವಾ’ ಎಂದರು. ‘ದೇವಸಾನ್ನಿಧ್ಯದ ಅಭ್ಯಾಸ’ ಎಂದು ಅದರ ಹೆಸರನ್ನು ಕನ್ನಡದಲ್ಲಿ ಹೇಳಬಹುದು. ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದೆ. ಮರುವಾರ ಅದರ ಬಗ್ಗೆ ಅರ್ಧ ತಾಸು ಮಾತಾಡಿ ಭೇಷ್ ಎನಿಸಿಕೊಂಡೆ. ಅಂದು ನಾನು ಹೇಳಿದ್ದರಲ್ಲಿ ಅರ್ಧ ತಪ್ಪಿತ್ತು. ಕೇಳಿದವರಲ್ಲಿ ಕೆಲವರು ಈಗಿಲ್ಲ. ಇದ್ದವರಾದರೂ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಪುಸ್ತಕದ ಕೇಂದ್ರದಲ್ಲಿರುವವನು ನಿಕೊಲಾಸ್ ಹರ್ಮನ್, ಲೊರೇನ್ ಪ್ರಾಂತದ ಬಡವರ ಮನೆಯ ಮಗ. ಸೈನಿಕನಾಗಿ ಗಾಯಗೊಂಡು ಕುಂಟನಾದ. ಅಧಿಕಾರಿಯೊಬ್ಬರ ಮನೆಯಲ್ಲಿ ಆಳಾಗಿ, ಮುಟ್ಟಿದ್ದನ್ನೆಲ್ಲ ಒಡೆದು ಹಾಕಿದ. 1640ರಲ್ಲಿ ಪ್ಯಾರಿಸಿನ ಕಾರ್ಮೆಲ್ ಸಂನ್ಯಾಸಿಗಳ ಮಠ ಸೇರಿ ಸಹೋದರ ಲಾರೆನ್ಸ್ ಎನಿಸಿಕೊಂಡ. ಹದಿನೈದು ವರ್ಷ ಅಡುಗೆಮನೆ, ಆಮೇಲೆ ಚಪ್ಪಲಿ ರಿಪೇರಿ. 1691ರಲ್ಲಿ ತೀರಿಕೊಂಡ. ಪುಸ್ತಕ ಮಾಡಬೇಕೆಂದು ಕೂತು ಬರೆದವನಲ್ಲ. ಜೋಸೆಫ್ ದ ಬೋಫೋರ್ ಎಂಬ ಪಾದ್ರಿಗಳು 1666ರಿಂದ ಆತನೊಡನೆ ನಡೆಸಿದ ನಾಲ್ಕು ಸಂಭಾಷಣೆಗಳನ್ನೂ ಆತನ ಕಾಗದಗಳನ್ನೂ ಸೇರಿಸಿ, ಆತನ ಮರಣಾನಂತರ ಅಚ್ಚು ಹಾಕಿಸಿದರು.

ಹೆಂಗಸರಿಗೆ ಈ ಪುಸ್ತಕ ಯಾಕೆ ಹಿಡಿಸುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಬಾಣಲೆಯಲ್ಲಿ ಆಮ್ಲೆಟ್ ಮಗುಚುವುದನ್ನೂ ದೇವರ ಪ್ರೀತಿಗಾಗಿಯೇ ಮಾಡುತ್ತೇನೆ ಎನ್ನುತ್ತಾನೆ ಲಾರೆನ್ಸ್. ಪ್ರಾರ್ಥನೆಯ ಹೊತ್ತೂ ಕೆಲಸದ ಹೊತ್ತೂ ತನಗೆ ಬೇರೆಬೇರೆಯಲ್ಲ, ನಾಲ್ಕು ಜನ ನಾಲ್ಕು ಕೆಲಸ ಹೇಳಿ ಕೂಗುವಾಗಲೂ ಮೊಣಕಾಲೂರಿದಷ್ಟೇ ಶಾಂತಿ ಎನ್ನುತ್ತಾನೆ. ಬೆಳಿಗ್ಗೆ ಐದಕ್ಕೆದ್ದು, ಎರಡು ಡಬ್ಬಿ ಕಟ್ಟಿ, ಅತ್ತೆಯವರಿಗೆ ಔಷಧ ಕೊಟ್ಟು, ಎಂಟರ ಬಸ್ಸಿಗೆ ಓಡುತ್ತಿದ್ದವಳಿಗೆ ಇದಕ್ಕಿಂತ ಸಿಹಿ ಮಾತು ಇನ್ನೇನು ಬೇಕು?

ನಾನು ಮಾಡಿದ್ದು ಇಷ್ಟೆ. ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮೊದಲು ಒಂದು ಕೀರ್ತನೆ ಓದಿ, ಒಂದು ಹಾಡು ಹಾಡಿ, ಕರ್ತನ ಪ್ರಾರ್ಥನೆ ಹೇಳುವ ರೂಢಿಯಿತ್ತು. ತವರಿನಿಂದ ನಾನೇ ತಂದದ್ದು. ಪುಸ್ತಕ ಓದಿದ ಮೇಲೆ ಅದು ದಿನ ಬಿಟ್ಟು ದಿನವಾಯಿತು, ಆಮೇಲೆ ಭಾನುವಾರಕ್ಕೆ, ಆಮೇಲೆ ಕ್ರಿಸ್ಮಸ್ಸಿಗೆ. ‘ಯಾಕ, ಇವತ್ತೂ ಇಲ್ಲೇನು?’ ಎಂದು ಯಜಮಾನರು ಒಮ್ಮೆ ಕೇಳಿದರು. ‘ರೊಟ್ಟಿ ಬಡಿಯೂದೂ ಪ್ರಾರ್ಥನಾನ ರೀ’ ಎಂದೆ. ಅವರು ನಕ್ಕು ಸುಮ್ಮನಾದರು. ಆ ರೊಟ್ಟಿ ಬಡಿಯುವಾಗ ನನ್ನ ತಲೆಯಲ್ಲಿ ದೇವರಿದ್ದನೋ ಮರುದಿನದ ಪರೀಕ್ಷೆಯ ಪ್ರಶ್ನೆಪತ್ರಿಕೆಯಿತ್ತೋ, ನನಗೆ ಚೆನ್ನಾಗಿ ಗೊತ್ತು.

2016ರಲ್ಲಿ ಅವರಿಗೆ ಹೃದಯಾಘಾತವಾಯಿತು. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ನಾನೂ ಮಗನೂ ಮೂರು ರಾತ್ರಿ ಕೂತೆವು. ಎರಡನೆಯ ರಾತ್ರಿ ಅವನು, ‘ಮಮ್ಮಿ, ಏನರ ಹೇಳು, ನನಗ ಏನೂ ಬರವಲ್ದು’ ಎಂದ. ನನ್ನ ಬಾಯಿಗೆ ಬಂದದ್ದು 121ನೆಯ ಕೀರ್ತನೆ. ಚಿಕ್ಕಂದಿನಲ್ಲಿ ಅವ್ವ ಕಂದೀಲಿನ ಮುಂದೆ ಕೂಡಿಸಿ, ತೂಕಡಿಸಿದರೆ ಮೊಣಕೈಯಿಂದ ತಿವಿದು ಬಾಯಿಪಾಠ ಮಾಡಿಸಿದ್ದು. ನಾನು ಹೇಳಿದೆ, ಅವನು ನನ್ನ ಮುಖ ನೋಡುತ್ತ ಕೂತ. ಅವನಿಗೆ ಅದರಲ್ಲಿ ಒಂದು ಸಾಲೂ ಬರುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಹುಡುಗ. ಅವ್ವ ನನಗೆ ಕೊಟ್ಟದ್ದನ್ನು ನಾನು ಅವನಿಗೆ ಕೊಟ್ಟಿರಲಿಲ್ಲ. ನಾಲ್ಕನೆಯ ದಿನ ಅವರು ತೀರಿಕೊಂಡರು.

ಅದೇ ವರ್ಷ ಆ ಪುಸ್ತಕವನ್ನು ಮತ್ತೆ ತೆಗೆದೆ, ಸ್ವಲ್ಪ ಸಿಟ್ಟಿನಿಂದಲೇ. ಓದುತ್ತ ಹೋದಂತೆ ಸಿಟ್ಟು ಪುಸ್ತಕದಿಂದ ನನ್ನ ಕಡೆಗೆ ತಿರುಗಿತು. ಮೊದಲ ಓದಿನಲ್ಲಿ ನಾನು ಹಾರಿಸಿದ್ದೆಲ್ಲ ಅಲ್ಲೇ ಇತ್ತು. ಅಡುಗೆಯ ಕೆಲಸವೆಂದರೆ ಲಾರೆನ್ಸನಿಗೆ ಸ್ವಭಾವತಃ ಬೇಸರ. ಆರಂಭದ ವರ್ಷಗಳಲ್ಲಿ ಪ್ರಾರ್ಥನೆಗೆಂದು ಗೊತ್ತು ಮಾಡಿದ ಹೊತ್ತೆಲ್ಲ, ಅಲೆಯುವ ಮನಸ್ಸನ್ನು ಎಳೆತರುವುದರಲ್ಲಿ, ಅದು ಮತ್ತೆ ಓಡಿಹೋಗುವುದರಲ್ಲಿ ಕಳೆಯಿತಂತೆ. ತನಗೆ ನರಕವೇ ಗತಿ ಎಂಬ ಭಯದಲ್ಲಿ ನಾಲ್ಕು ವರ್ಷ ನವೆದನಂತೆ. ಮೊದಲ ಹತ್ತು ವರ್ಷ ಬಹಳ ಸಂಕಟಪಟ್ಟೆ ಎಂದು ಒಂದು ಕಾಗದದಲ್ಲಿ ಬರೆಯುತ್ತಾನೆ. ಹತ್ತು ವರ್ಷ! ನಾನು ಹತ್ತು ದಿನವೂ ಕಾಯದೆ ಫಲಕ್ಕೆ ಕೈ ಹಾಕಿದ್ದೆ.

ತಪ್ಪು ಪೂರಾ ನನ್ನದೇ ಎಂದೂ ನಾನು ಒಪ್ಪುವುದಿಲ್ಲ. ಬೋಫೋರ್ ಅವರು ಭೇಟಿಯಾಗುವ ಹೊತ್ತಿಗೆ ಲಾರೆನ್ಸ್ ಮಠ ಸೇರಿ ಇಪ್ಪತ್ತಾರು ವರ್ಷ. ಮಾಗಿದ ಹಣ್ಣನ್ನು ಕಂಡವರು ಹಣ್ಣಿನ ರುಚಿಯನ್ನೇ ಹೆಚ್ಚು ಬರೆದರು. ನೀರು ಹೊತ್ತ ಕಥೆ ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ಉಳಿಯಿತು. ಇನ್ನೊಂದು, ಆತನಿಗೆ ಮಠದ ಗಂಟೆಯಿತ್ತು. ಬೇಕೆನಿಸಲಿ ಬೇಡವೆನಿಸಲಿ ಗಂಟೆ ಬಡಿದಾಗ ಪ್ರಾರ್ಥನೆಗೆ ಏಳಬೇಕು. ಅದರ ಅಗತ್ಯ ತನಗೆ ಕಾಣದಿದ್ದರೂ ಹಿರಿಯರ ಅಪ್ಪಣೆಯೆಂದು ಹೋಗುತ್ತಿದ್ದೆ ಎನ್ನುತ್ತಾನೆ. ಆ ಗಂಟೆ ತನಗೇನು ಮಾಡಿತು ಎಂದು ಆತ ಹೇಳುವುದಿಲ್ಲ. ನೀರಿನೊಳಗಿನ ಮೀನು ನೀರಿನ ಸುದ್ದಿ ಹೇಳೀತೇ? ನಮ್ಮ ಮನೆಗಳಲ್ಲಿ ಗಂಟೆ ಬಡಿಯುವವರೂ ನಾವೇ, ಏಳುವವರೂ ನಾವೇ. ಆತನ ಸೆರಗು ಹಿಡಿದೆಳೆಯುವ ಜ್ವರದ ಕೂಸೂ ಇರಲಿಲ್ಲ ಬಿಡಿ.

ಶಾಲೆಯಲ್ಲಿ ಲಿಂಗಾಯತರಾದ ನನ್ನ ಗೆಳತಿಯೊಬ್ಬರಿಗೆ ಈ ಪುಸ್ತಕದ ವಿಷಯ ಹೇಳಿದಾಗ, ‘ಇದು ನಮ್ಮ ಕಾಯಕಾನ ಅಲ್ಲೇನ್ರೀ’ ಎಂದರು. ಕಾಯಕದಲ್ಲಿ ತೊಡಗಿದಾಗ ಲಿಂಗಪೂಜೆಯನ್ನೂ ಮರೆಯಬೇಕೆಂದು ಆಯ್ದಕ್ಕಿ ಮಾರಯ್ಯ ಹೇಳಿದ್ದನ್ನೂ ನೆನಪಿಸಿದರು. ‘ಹಂಗಾದ್ರ ನೀವು ಪೂಜಾ ಬಿಟ್ಟೀರೇನು?’ ಎಂದೆ. ‘ಅಯ್ಯ, ಪೂಜಾ ಇಲ್ದ ಒಂದ ದಿನಾನೂ ಸಾಲಿಗೆ ಬಂದಿಲ್ಲ ನಾ’ ಎಂದರು. ಅವರು ಮಾರಯ್ಯನನ್ನು ಓದಿದ ಹಾಗೆ ನಾನು ಲಾರೆನ್ಸನನ್ನು ಓದಿರಲಿಲ್ಲ.

ಪುಸ್ತಕದ ಹೆಸರಿನಲ್ಲೇ ಎರಡು ಮಾತಿವೆ. ನಾನು ‘ಸಾನ್ನಿಧ್ಯ’ವನ್ನು ಅಪ್ಪಿಕೊಂಡು ‘ಅಭ್ಯಾಸ’ವನ್ನು ಕೈಬಿಟ್ಟಿದ್ದೆ. ಹದಿನೇಳರ ಮಗ್ಗಿಯನ್ನು ಅರ್ಥ ಮಾಡಿಕೊಂಡರೆ ಸಾಕು, ಹೇಳಿ ರೂಢಿಯಾಗಬೇಕಿಲ್ಲ ಎಂದು ಯಾವ ಮಗುವಿಗೂ ನಾನು ಹೇಳಿದವಳಲ್ಲ. ದೇವರ ವಿಷಯದಲ್ಲಿ ಮಾತ್ರ ಹಾಗೆ ನಂಬಿದೆ.

ಈಗ ಆ ಪುಸ್ತಕದಲ್ಲಿ ನನಗೆ ಹೆಚ್ಚು ಬೇಕಾದ ಜಾಗ ಬೇರೆ. ಕೆಲಸಕ್ಕೆ ಮೊದಲು ಲಾರೆನ್ಸ್ ಪ್ರಾರ್ಥಿಸುತ್ತಿದ್ದ. ಮುಗಿದ ಮೇಲೆ ಹೇಗಾಯಿತೆಂದು ತನ್ನನ್ನೇ ಪರೀಕ್ಷಿಸುತ್ತಿದ್ದ. ಚೆನ್ನಾಗಿದ್ದರೆ ಸ್ತೋತ್ರ, ಇಲ್ಲದಿದ್ದರೆ ಕ್ಷಮೆ ಕೇಳಿ, ಎದೆಗುಂದದೆ ಮತ್ತೆ ಶುರು. ತಪ್ಪಿದ್ದಕ್ಕೆ ಅಳುತ್ತ ಕೂರುವುದಿಲ್ಲ. ಉತ್ತರಪತ್ರಿಕೆ ತಿದ್ದಿ ತಿದ್ದಿ ಕೆಂಪು ಶಾಯಿಗೇ ಒಗ್ಗಿಹೋದ ನನಗೆ ಇದನ್ನು ಕಲಿಯುವುದೇ ಕಷ್ಟವಾಗಿದೆ. ಬೆಳಿಗ್ಗೆ ಕಾಲು ತಾಸು ಕೂರುತ್ತೇನೆ. ಅದರಲ್ಲಿ ಹತ್ತು ನಿಮಿಷ ಮನಸ್ಸು ಹಾಲಿನವನ ದಾರಿ ಕಾಯುತ್ತದೆ.

ಮಗ ಪುಣೆಯಲ್ಲಿದ್ದಾನೆ. 2020ರ ಲಾಕ್‌ಡೌನಿನಲ್ಲಿ ನಾನೇ ಕೇಳಿದೆ, ‘ರಾತ್ರಿ ಒಂಬತ್ತಕ್ಕ ಫೋನಿನ್ಯಾಗ ದಿನಾ ಒಂದು ಕೀರ್ತನಿ ಓದೋಣೇನು?’ ಎಂದು. ಬೇಸರಪಟ್ಟೇ ಒಪ್ಪಿದ. 119ನೆಯದು ಬಂದಾಗ ಅದರ 176 ವಚನ ನೋಡಿ, ‘ಮಮ್ಮಿ, ಎಂಟು ಸಾಕು’ ಎಂದ. ಎಂಟೆಂಟರಂತೆ ಓದಿ ಇಪ್ಪತ್ತೆರಡು ದಿನ ಹಿಡಿಯಿತು. ಕೆಲವು ರಾತ್ರಿ ಫೋನ್ ಎತ್ತುವುದೇ ಇಲ್ಲ, ನಾನೊಬ್ಬಳೇ ಓದುತ್ತೇನೆ. ನಿನ್ನೆ ಎತ್ತಿದ. ನಡುವೆ ಅವನ ಕುಕ್ಕರ್ ಕೂಗಿತು. ‘ಒಂದ ನಿಮಿಷ, ಇಡಬ್ಯಾಡ’ ಎಂದು ಎದ್ದು ಹೋದ. ನಾನು ಪುಟದ ಮೇಲೆ ಬೆರಳಿಟ್ಟುಕೊಂಡು ಕಾದೆ.