ಬೂಟಿನ ಕೀರ್ತಿ, ತಿರುಪತಿಯ ದಾರಿ

ಟ್ರೆಕ್ಕಿಂಗ್ ಸಾಮಾನುಗಳ ಬಗ್ಗೆ ಬರುತ್ತಿರುವ ವಿಮರ್ಶೆಗಳಲ್ಲಿ ನೀರು ಇಳಿಯದ ಎತ್ತರದ ಬೂಟಿಗೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗಿಂತ ಬಹಳ ದೊಡ್ಡದು. ಶನಿವಾರ ಕುಮಾರಪರ್ವತ ಹತ್ತಿ ಭಾನುವಾರ ಇಳಿದವರ ಶಿಫಾರಸುಗಳಿವು. ಎರಡು ದಿನದಲ್ಲಿ ಯಾವ ಸಾಮಾನೂ ತನ್ನ ನಿಜಗುಣ ತೋರಿಸುವುದಿಲ್ಲ. ಅದು ಹೊರಬೀಳುವುದು ನಾಲ್ಕನೇ ದಿನವೋ ಐದನೇ ದಿನವೋ, ಕಾಲು ಊದಿಕೊಂಡು, ಬೆನ್ನು ಬೆವತು, ಹೊಲಿಗೆ ಬಿಟ್ಟುಕೊಂಡ ಮೇಲೆ. ಅಂಥ ಪರೀಕ್ಷೆಗೆ ಹಿಮಾಲಯದವರೆಗೆ ಹೋಗಬೇಕಾಗಿಲ್ಲ. ಮಾಲೂರು ತಾಲ್ಲೂಕಿನಲ್ಲೇ ಚಿಕ್ಕತಿರುಪತಿ ಇದ್ದರೂ ದೊಡ್ಡ ತಿರುಪತಿಗೆ ಹರಕೆ ಹೊತ್ತು ನಡೆಯುವವರು ಕೋಲಾರ ಜಿಲ್ಲೆಯಲ್ಲಿ ಎಂದೂ ಕಡಿಮೆಯಾಗಿಲ್ಲ. ಮಾಲೂರಿನಿಂದ ಕೋಲಾರ, ಮುಳಬಾಗಿಲು, ನಂಗಲಿ ದಾಟಿ, ಪಲಮನೇರು, ಮೊಗಿಲಿ ಘಾಟ್, ಚಿತ್ತೂರು, ಚಂದ್ರಗಿರಿಯ ಮೇಲೆ ಹಾಯ್ದರೆ ಸುಮಾರು 200 ಕಿ.ಮೀ. ದಿನಕ್ಕೆ 35 ಕಿ.ಮೀ. ನಡೆದರೂ ಆರು ದಿನದ ದಾರಿ, ಬಹುಪಾಲು ಟಾರು ರಸ್ತೆ. ಇದನ್ನು ಭಕ್ತಿಯ ಲೆಕ್ಕಕ್ಕೆ ಮಾತ್ರ ಬರೆದುಕೊಂಡು ಸಾಮಾನಿನ ವಿಮರ್ಶೆಯಿಂದ ಹೊರಗಿಟ್ಟಿರುವುದರಿಂದಲೇ ಬೂಟಿನ ಕೀರ್ತಿ ಪ್ರಶ್ನೆಯಿಲ್ಲದೆ ಉಳಿದಿದೆ.

ಆ ಬೂಟಿನ ಒಳಗೇ ಸ್ವಲ್ಪ ಹೊತ್ತು ನಿಲ್ಲೋಣ. ಹೊರಬಟ್ಟೆಗೂ ಒಳಬಟ್ಟೆಗೂ ನಡುವೆ ತೆಳ್ಳನೆಯ ಒಂದು ಪೊರೆ ಇರುತ್ತದೆ. ಅದರ ರಂಧ್ರಗಳು ನೀರಿನ ಹನಿ ತೂರಲಾರದಷ್ಟು ಸಣ್ಣವು, ಬೆವರಿನ ಆವಿ ಹೊರಹೋಗುವಷ್ಟು ದೊಡ್ಡವು. ಹೊರಗಿನ ನೀರು ಒಳಕ್ಕಿಲ್ಲ, ಒಳಗಿನ ಬೆವರಿಗೆ ದಾರಿಯುಂಟು ಎಂಬುದು ಇದರ ವಾಗ್ದಾನ. ಆದರೆ ಆವಿ ತಾನಾಗಿ ಹೊರಡುವುದಿಲ್ಲ. ಒಳಗಿನ ತೇವ ಹೊರಗಿನದಕ್ಕಿಂತ ಸಾಕಷ್ಟು ಹೆಚ್ಚಿದ್ದರೆ ಮಾತ್ರ ಅದು ಆಚೆಗೆ ಸರಿಯುತ್ತದೆ. ಹೊರಗೆ ಚಳಿಯೂ ಒಣಹವೆಯೂ ಇರುವ ಬೆಟ್ಟದಲ್ಲಿ ಈ ಏರ್ಪಾಡು ಚೆನ್ನಾಗಿ ನಡೆಯುತ್ತದೆ. ಪಲಮನೇರಿನಾಚೆ, ಮಳೆ ಬಂದು ನಿಂತು ಬಿಸಿಲು ಬಿದ್ದ ರಸ್ತೆಯಲ್ಲಿ, ಹೊರಗಿನ ಗಾಳಿಯೇ ಸೆಕೆಯಿಂದ ತುಂಬಿರುವಾಗ ಬೆವರಿಗೆ ಹೋಗಲು ಜಾಗವಿಲ್ಲ. ಅದು ಕಾಲುಚೀಲದಲ್ಲೇ ನಿಲ್ಲುತ್ತದೆ. ನೆನೆದು ಮೆತ್ತಗಾದ ಚರ್ಮ ಒಣಚರ್ಮದ ಹಾಗೆ ಜಾರದೆ ಬಟ್ಟೆಗೆ ಹಿಡಿದುಕೊಳ್ಳುತ್ತದೆ. ಒಳಗಿನ ಮೂಳೆ ಪ್ರತಿ ಹೆಜ್ಜೆಗೂ ಸರಿಯುತ್ತದೆ, ಮೇಲಿನ ಚರ್ಮ ಸರಿಯುವುದಿಲ್ಲ. ಪದರಗಳ ನಡುವೆ ಬಿರುಕು ಬಿಟ್ಟು ನೀರು ತುಂಬುತ್ತದೆ, ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ. ಇನ್ನು ಮಳೆ ಜೋರಾದರೆ ನೀರು ಬರುವುದು ಬೂಟಿನ ಬಟ್ಟೆಯ ಮೂಲಕವಲ್ಲ, ಕಣಕಾಲಿನ ಮೇಲಿಂದ, ಪ್ಯಾಂಟಿನ ಅಂಚಿನಿಂದ ಇಳಿದು. ಹಾಗೆ ಇಳಿದ ನೀರನ್ನು ಅದೇ ಪೊರೆ ಹೊರಗೆ ಬಿಡದೆ ಕಾಪಾಡುತ್ತದೆ. ಜಾಲರಿ ಬಟ್ಟೆಯ ಸಾದಾ ಸ್ಪೋರ್ಟ್ಸ್ ಶೂ ಬೇಗ ನೆನೆಯುತ್ತದೆ, ನಿಜ. ಆದರೆ ಬಿಸಿಲು ಬಂದು ಒಂದು ಗಂಟೆ ನಡೆದರೆ ಒಣಗಿಯೂ ಬಿಡುತ್ತದೆ. ದೂರದ ನಡಿಗೆಯಲ್ಲಿ ಲೆಕ್ಕಕ್ಕೆ ಬರುವುದು ಎಷ್ಟು ಹೊತ್ತು ನೆನೆಯದೆ ಇತ್ತು ಎಂಬುದಲ್ಲ, ಎಷ್ಟು ಬೇಗ ಒಣಗಿತು ಎಂಬುದು.

ಬೂಟು ಬಾಳಿಕೆ ಬರುತ್ತದೆ ಎಂಬ ಮಾತನ್ನೂ ಪರೀಕ್ಷಿಸಬೇಕು. ಮೇಲಿನ ಚರ್ಮ ಬಾಳುತ್ತದೆ. ಆದರೆ ಅನೇಕ ಬೂಟುಗಳ ಅಟ್ಟೆಯ ನಡುವಣ ಪದರ ಪಾಲಿಯುರೆಥೇನ್ ಫೋಮಿನದು, ಅದು ಗಾಳಿಯ ತೇವದ ಜೊತೆ ಸೇರಿ ನಿಧಾನವಾಗಿ ಒಡೆಯುತ್ತದೆ. ಬಿಸಿ ಹೆಚ್ಚಿದ್ದಷ್ಟೂ ಬೇಗ. ವರ್ಷಕ್ಕೊಮ್ಮೆ ಹಾಕಿಕೊಂಡು ಉಳಿದ ದಿನ ಹೆಂಚಿನ ಮನೆಯ ಅಟ್ಟದಲ್ಲಿ ಇಟ್ಟ ಬೂಟು ನೋಡಲು ಹೊಸದರಂತಿದ್ದು, ರಸ್ತೆಗಿಳಿದ ಮೊದಲ ದಿನವೇ ಅಟ್ಟೆ ಕಳಚಿಕೊಂಡು ಪುಡಿಪುಡಿಯಾಗುವುದು ಈ ಕಾರಣಕ್ಕೆ. ಬೆನ್ನಚೀಲದ ಒಳಗೆ, ಮಳೆಹೊದಿಕೆಯ ಮೇಲೆ ಬಳಿದ ಲೇಪವೂ ಹೀಗೆಯೇ ಅಂಟಂಟಾಗಿ, ವಾಸನೆ ಹೊಡೆದು, ಸಿಪ್ಪೆ ಸುಲಿಯುತ್ತದೆ. ನಡೆದು ಸವೆದದ್ದಕ್ಕಿಂತ ಇಟ್ಟು ಕೆಟ್ಟದ್ದೇ ಹೆಚ್ಚು. ಕೊಂಡ ತಿಂಗಳಲ್ಲೇ ಬರೆದ ವಿಮರ್ಶೆಯ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಹಾಗಾದರೆ ಸಾಮಾನನ್ನು ಅಳೆಯುವುದು ಹೇಗೆ? ಕೆಡುವುದೋ ಇಲ್ಲವೋ ಎಂದು ಕೇಳುವುದಕ್ಕಿಂತ, ಕೆಟ್ಟಾಗ ನಂಗಲಿಯಲ್ಲಿ ಏನು ಮಾಡಬಹುದು ಎಂದು ಕೇಳಬೇಕು. ಹವಾಯಿ ಚಪ್ಪಲಿಯ ಪಟ್ಟಿ ಕಿತ್ತರೆ ಅಡಿಯಲ್ಲಿ ಒಂದು ಪಿನ್ನು ಚುಚ್ಚಿ ಮುಂದಿನ ಊರು ಮುಟ್ಟಬಹುದು, ಅಲ್ಲಿನ ಅಂಗಡಿಯಲ್ಲಿ ಹೊಸ ಪಟ್ಟಿ ಸಿಗುತ್ತದೆ. ಚೀಲದ ಜಿಪ್ ಬಾಯಿ ಬಿಟ್ಟರೆ ಹೆಚ್ಚಿನ ಸಲ ಕೆಟ್ಟಿರುವುದು ಹಲ್ಲಲ್ಲ, ರನ್ನರ್. ಮುಳಬಾಗಿಲಿನ ಯಾವ ಚೀಲ ಹೊಲಿಯುವವರೂ ಅದನ್ನು ಬದಲಾಯಿಸಿಕೊಟ್ಟಾರು. ಆದರೆ ಅಂಟಿಸಿದ ಜಿಪ್ಪು, ಕಂಪನಿಗೊಂದು ಅಳತೆಯ ಬಕಲ್ಲು, ಅಚ್ಚೊತ್ತಿದ ಅಟ್ಟೆ ಕೆಟ್ಟರೆ ಅಲ್ಲಿ ಕೈಹಿಡಿಯುವವರಿಲ್ಲ. 1955ರಲ್ಲಿ 67 ವರ್ಷದ ಎಮ್ಮಾ ಗೇಟ್‌ವುಡ್ ಅಮೆರಿಕದ ಅಪಲಾಚಿಯನ್ ಹಾದಿಯ 3,000 ಕಿ.ಮೀ.ಗೂ ಹೆಚ್ಚು ದೂರವನ್ನು ಒಬ್ಬರೇ ನಡೆದು ಮುಗಿಸಿದರು. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ಕೈಯಾರೆ ಹೊಲಿದ ಚೀಲ, ಮಳೆಗೆ ಬಚ್ಚಲಮನೆಯ ಪ್ಲಾಸ್ಟಿಕ್ ಪರದೆ. ಶೂ ಒಂದೇ ಜೊತೆ ಬಾಳಲಿಲ್ಲ, ಹಲವು ಜೊತೆ ಹರಿದವು. ಹರಿದಾಗ ಬೇರೆ ಹಾಕಿಕೊಂಡು ನಡೆದರು. ಇವತ್ತು 4,265 ಕಿ.ಮೀ. ಉದ್ದದ ಪೆಸಿಫಿಕ್ ಕ್ರೆಸ್ಟ್ ಹಾದಿ ಹಿಡಿಯುವವರಲ್ಲಿ ಹೆಚ್ಚಿನವರು ಬೂಟು ಬಿಟ್ಟು ಹಗುರ ಓಟದ ಶೂ ತೊಟ್ಟು, ಸವೆದಂತೆ ಬದಲಾಯಿಸುತ್ತಾ ಹೋಗುತ್ತಾರೆ. ಕಾಲಿನ ಮೇಲಿನ ಒಂದು ಕೆ.ಜಿ. ಬೆನ್ನಿನ ಮೇಲಿನ ಸುಮಾರು ಐದು ಕೆ.ಜಿ.ಯಷ್ಟು ದಣಿಸುತ್ತದೆ ಎಂಬುದು ಪ್ರಯೋಗಗಳಲ್ಲೂ ಕಂಡ ಸಂಗತಿ. ಬೂಟಿನ ಪರವಾಗಿ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ದಾಟಿಸಿಬಿಡುತ್ತಾರೆ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಪಾದಯಾತ್ರಿಗಳ ಹೊರೆಯನ್ನು ಜೊತೆಗೆ ಬರುವ ಟೆಂಪೋ ಹೊರುತ್ತದೆ, ಊಟ ಅನ್ನದಾನದ ಶಾಮಿಯಾನದಲ್ಲಿ, ನಿದ್ದೆ ಛತ್ರದಲ್ಲೋ ದೇವಸ್ಥಾನದ ಜಗಲಿಯಲ್ಲೋ. ಡೇರೆ, ಒಲೆ, ಸ್ಲೀಪಿಂಗ್ ಬ್ಯಾಗ್ ಹೊತ್ತವನ ಜೊತೆ ಅವರನ್ನು ಹೋಲಿಸುವುದು ನ್ಯಾಯವೇ? ಆಕ್ಷೇಪ ಸರಿಯಾದದ್ದು, ಆದರೆ ಅದು ನನ್ನ ವಾದವನ್ನೇ ಬಲಪಡಿಸುತ್ತದೆ. ಅಮೆರಿಕದ ಹಾದಿಯಲ್ಲಿ ನಡೆಯುವವರೂ ನಾಲ್ಕೈದು ದಿನಕ್ಕೊಮ್ಮೆ ಊರಿಗಿಳಿದು ದಿನಸಿ ತುಂಬಿಸಿಕೊಳ್ಳುತ್ತಾರೆ. ಇಡೀ ದಾರಿಯ ಸಂಸಾರವನ್ನು ಯಾರೂ ಬೆನ್ನ ಮೇಲೆ ಹೊರುವುದಿಲ್ಲ. ಹೊರೆಯನ್ನು ದಾರಿಯ ಏರ್ಪಾಡು ತೀರ್ಮಾನಿಸಬೇಕು. ಪ್ರತಿ ಹತ್ತು ಕಿ.ಮೀ.ಗೊಂದು ಟೀ ಅಂಗಡಿ ಇರುವ ಕಡೆ 60 ಲೀಟರಿನ ಚೀಲ ಕೊಳ್ಳಿ ಎನ್ನುವ ವಿಮರ್ಶಕ ದಾರಿಯನ್ನು ನೋಡಿಯೇ ಇಲ್ಲ. ಒಂದು ಜೊತೆ ಬಟ್ಟೆ, ಪಂಚೆ, ಟವಲ್, ನೀರಿನ ಬಾಟಲಿ, ಪ್ಲಾಸ್ಟಿಕ್ ಹಾಳೆ ಹಿಡಿಸುವ 20 ಲೀಟರಿನ ಚೀಲ ಸಾಕು. ಅದರಲ್ಲೂ ಟವಲ್ ಮಾಡುವಷ್ಟು ಕೆಲಸವನ್ನು ಬೇರೆ ಯಾವ ಸಾಮಾನೂ ಮಾಡುವುದಿಲ್ಲ. ಬೆವರಿಗೆ, ತಲೆಗೆ, ದಿಂಬಿಗೆ, ಹೆಗಲ ಪಟ್ಟಿ ಉಜ್ಜುವಲ್ಲಿ ಮಡಿಸಿ ಇಡಲು ಅದೇ ಒಂದು.

ಇನ್ನೊಂದು ಗುಂಪಿನ ವಿಮರ್ಶಕರ ಮೇಲೆ ನನ್ನ ತಕರಾರು ಇದಕ್ಕಿಂತ ತೀಕ್ಷ್ಣವಾದದ್ದು. ಬೂಟನ್ನು ಟೀಕಿಸುವ ಭರದಲ್ಲಿ ಇವರು ಬರಿಗಾಲನ್ನೇ ಆದರ್ಶವಾಗಿ ನಿಲ್ಲಿಸುತ್ತಾರೆ. ಹಿಂದಿನವರು ಬರಿಗಾಲಲ್ಲೇ ನಡೆಯುತ್ತಿದ್ದರು, ಅಂಗಾಲೇ ದೇವರು ಕೊಟ್ಟ ಶೂ ಎಂಬುದು ಅವರ ವಾದ. ಹಿಂದಿನವರು ನಡೆದದ್ದು ಮಣ್ಣಿನ ಬಂಡಿದಾರಿಯ ಮೇಲೆ, ಟಾರಿನ ಮೇಲಲ್ಲ. ಗಾಳಿ 35 ಡಿಗ್ರಿ ಇರುವ ಮಧ್ಯಾಹ್ನ ಬಿಸಿಲಿಗೆ ಬಿದ್ದ ಟಾರು 50 ಡಿಗ್ರಿ ದಾಟಿರುತ್ತದೆ. ತಿರುಮಲದ ಮಾಡಬೀದಿಗಳಲ್ಲಿ ಬರಿಗಾಲಿನ ಭಕ್ತರಿಗಾಗಿ ಬಿಸಿ ತಡೆಯುವ ಬಿಳಿ ಬಣ್ಣ ಬಳಿಯುವುದನ್ನು ನೋಡಿದವರಿಗೆ ದೇವಸ್ಥಾನದವರೇ ಈ ವಾದವನ್ನು ಒಪ್ಪಿಲ್ಲ ಎಂಬುದು ಗೊತ್ತಿರಬೇಕು. ಅಲಿಪಿರಿಯ 3,550 ಮೆಟ್ಟಿಲನ್ನೋ ಶ್ರೀವಾರಿ ಮೆಟ್ಟಿಲನ್ನೋ ಬರಿಗಾಲಲ್ಲಿ ಹತ್ತುವುದು ಸಂಪ್ರದಾಯ, ಅದಕ್ಕೆ ನನ್ನ ಗೌರವವಿದೆ. ಅಲ್ಲಿ ದೂರ ಕೆಲವೇ ಕಿ.ಮೀ. ಹೆದ್ದಾರಿಯ 200 ಕಿ.ಮೀ.ಗೆ ಅದೇ ನಿಯಮ ಎಳೆಯುವುದು ತಪ್ಪು. ಸಕ್ಕರೆ ಕಾಯಿಲೆ ಹಳೆಯದಾದಂತೆ ಅನೇಕರ ಅಂಗಾಲು ಸ್ಪರ್ಶ ಕಳೆದುಕೊಳ್ಳುತ್ತದೆ. ಸುಟ್ಟದ್ದೂ ತಿಳಿಯುವುದಿಲ್ಲ, ಗಾಜು ಚುಚ್ಚಿದ್ದೂ ತಿಳಿಯುವುದಿಲ್ಲ. ಐವತ್ತು ದಾಟಿದ ಅಂಥವರನ್ನು ಬರಿಗಾಲಿಗೆ ಹುರಿದುಂಬಿಸುವ ಬರಹ ಅವರ ಕಾಲನ್ನೇ ಪಣಕ್ಕೆ ಒಡ್ಡುತ್ತದೆ. ಹವಾಯಿ ಚಪ್ಪಲಿಯನ್ನು ಕೊಂಡಾಡುವವರೂ ಸ್ವಲ್ಪ ತಡೆಯಬೇಕು. ರಿಪೇರಿಗೆ ಅದು ಸುಲಭ, ದಿನವಿಡೀ ನಡೆಯಲು ಅಲ್ಲ. ಜಾರದಂತೆ ಬೆರಳು ಬಿಗಿಹಿಡಿದೇ ನಡೆಯಬೇಕು, ಘಾಟ್ ಇಳಿಯುವಾಗ ಮೀನಖಂಡ ಕೈಕೊಡುತ್ತದೆ. ಅದರ ಜಾಗ ಚೀಲದಲ್ಲಿ, ತಂಗಿದಲ್ಲಿ ಕಾಲಿಗೆ ಗಾಳಿ ಆಡಲು.

ಹಿಮದಲ್ಲಿ, ಇಂಬಳದ ಕಾಡಿನಲ್ಲಿ, ಸಡಿಲ ಕಲ್ಲಿನ ಇಳಿಜಾರಿನಲ್ಲಿ ಬೂಟು ಬೇಕು, ಆ ಜಾಗಕ್ಕೆ ಅದನ್ನು ಹೊಗಳಲಿ. ನಮ್ಮ ದಾರಿಗೆ ಒಂದು ಅಳತೆ ದೊಡ್ಡದಾದ ಜಾಲರಿ ಶೂ, ಹತ್ತಿಯದಲ್ಲದ ಎರಡು ಜೊತೆ ಕಾಲುಚೀಲ, ಚೀಲದ ಹೊರಗೆ ಒಣಗಲು ಹಾಕಲು ನಾಲ್ಕು ಪಿನ್ನು ಸಾಕು. ಇವೆಲ್ಲಕ್ಕಿಂತ ಮುಖ್ಯವಾದ ಒಂದು ಸಾಮಾನು ಯಾವ ವಿಮರ್ಶೆಯ ಪಟ್ಟಿಯಲ್ಲೂ ಕಾಣುತ್ತಿಲ್ಲ. ಪಾದಯಾತ್ರಿಗಳು ಬಿಸಿಲು ತಪ್ಪಿಸಲು ನಸುಕಿನ ಮೂರು ಗಂಟೆಗೆ ಹೊರಡುತ್ತಾರೆ, ಹೆದ್ದಾರಿಯ ಅಂಚಿನಲ್ಲಿ, ಲಾರಿಗಳ ಪಕ್ಕದಲ್ಲಿ. ಆದರೂ ಟ್ರೆಕ್ಕಿಂಗ್ ಚೀಲಗಳು ಹೆಚ್ಚಾಗಿ ಕಪ್ಪು, ಬೂದಿ, ಕಡುನೀಲಿ ಬಣ್ಣದಲ್ಲೇ ಬರುತ್ತವೆ, ವಿಮರ್ಶಕರು ಆ ಬಣ್ಣವನ್ನು ಕೊಳೆ ಕಾಣುವುದಿಲ್ಲವೆಂದು ಮೆಚ್ಚುತ್ತಾರೆ. ಗಾಡಿಗಳಿಗೆ ಸ್ಟಿಕ್ಕರ್ ಹಾಕುವ ಅಂಗಡಿಗಳಲ್ಲಿ ರೇಡಿಯಂ ಪಟ್ಟಿ ಸಿಗುತ್ತದೆ. ಚೀಲದ ಬೆನ್ನಿಗೂ ಶೂವಿನ ಹಿಮ್ಮಡಿಗೂ ಅದನ್ನು ಅಂಟಿಸಿದರೆ ಹಿಂದಿನಿಂದ ಬರುವ ಡ್ರೈವರಿಗೆ ನಡೆಯುವವರು ದೂರದಿಂದಲೇ ಕಾಣುತ್ತಾರೆ. ಮುಂದಿನ ಸಲ ಚೀಲವೊಂದನ್ನು ವಿಮರ್ಶಿಸುವವರು ಜೇಬುಗಳನ್ನು ಎಣಿಸುವ ಮುನ್ನ ಅದರಲ್ಲಿ ಈ ಪಟ್ಟಿ ಇದೆಯೇ ಎಂದು ನೋಡಿ ಬರೆಯಲಿ.