‘ಸಾಧನಕೇರಿ’: ಕೇರಿಯ ಪುನರುಜ್ಜೀವನವೂ ಮುಂದಾಳುತನವೂ

1

ಹಳೆಯದೊಂದು ಕೇರಿ ಮತ್ತೆ ಜೀವ ತಳೆಯುವುದೆಂದರೆ ಏನು? ಆ ಕಾರ್ಯದಲ್ಲಿ ಸ್ಥಳೀಯ ಮುಂದಾಳುಗಳ ಪಾತ್ರವೆಂತಹುದು? ಇವು ಮೇಲುನೋಟಕ್ಕೆ ನಗರಾಡಳಿತದ ಪ್ರಶ್ನೆಗಳೆಂದು ತೋರುತ್ತವೆ. ಧಾರವಾಡದ ಮಟ್ಟಿಗಾದರೋ ಇವು ಸಾಹಿತ್ಯವಿಮರ್ಶೆಯ ಪ್ರಶ್ನೆಗಳೂ ಆಗಿವೆ. ಏಕೆಂದರೆ ಈ ಊರಿನ ಒಂದು ಕೇರಿಯು ಕನ್ನಡನಾಡಿನ ಓದುಗರಿಗೆಲ್ಲ ಪರಿಚಿತವಾದುದು ನಕಾಶೆಯಿಂದಲ್ಲ, ಕವನವೊಂದರಿಂದ. ದ. ರಾ. ಬೇಂದ್ರೆಯವರ ‘ಬಾರೋ ಸಾಧನಕೇರಿಗೆ’ ಎಂಬ ಆ ಕವನವನ್ನು ಶಾಲೆಯ ಮಕ್ಕಳೂ ಬಲ್ಲರು, ಗಾಯಕರೂ ಬಲ್ಲರು. ಅದನ್ನು ಮಳೆಗಾಲದ ನಿಸರ್ಗಗೀತವೆಂದು ಓದುವುದು ವಾಡಿಕೆಯಾಗಿದೆ. ಈ ಓದು ತಪ್ಪಲ್ಲ. ಆದರೆ ಪೂರ್ಣವೂ ಅಲ್ಲ. ಆ ಕವನದಲ್ಲಿ ಕೇರಿಯ ಪುನರುಜ್ಜೀವನದ ಒಂದು ಕಲ್ಪನೆಯೂ, ಮುಂದಾಳುತನದ ಒಂದು ಆದರ್ಶವೂ ಅಡಕವಾಗಿವೆಯೆಂದು ತೋರಿಸುವುದು, ಆ ಆದರ್ಶದ ಶಕ್ತಿಯನ್ನೂ ಮಿತಿಯನ್ನೂ ಊರಿನ ಇತಿಹಾಸದೊಡನೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

2

ಕವನದ ಪ್ರಾರಂಭವೇ ಒಂದು ಕರೆ. ಕರೆಯುವವನು ಯಾರು, ಕರೆಯಲ್ಪಡುವವನು ಯಾರು ಎಂಬುದನ್ನು ಕವಿ ಹೆಸರಿಸುವುದಿಲ್ಲ. ಬರಬೇಕಾದವನು ಒಬ್ಬ ಗೆಳೆಯ ಎಂಬಷ್ಟು ಮಾತ್ರ ಮುಂದೆ ತಿಳಿದುಬರುತ್ತದೆ. ಈ ಕರೆಯಲ್ಲಿ ಬರುವ ಸರ್ವನಾಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕೇರಿಯಲ್ಲಿ ನೆಲೆನಿಂತು ಕರೆಯುತ್ತಿರುವವನು ಅದನ್ನು ‘ನನ್ನ ಊರು’ ಎನ್ನುವುದಿಲ್ಲ, ‘ನಿನ್ನ ಊರು’ ಎನ್ನುತ್ತಾನೆ. ಅತಿಥಿಯಾಗಿ ಬಂದು ನೋಡಿ ಹೋಗೆಂಬ ಉಪಚಾರದ ಮಾತು ಇದಲ್ಲ. ಬರುವವನಿಗೆ ಊರಿನ ಒಡೆತನವನ್ನೇ ಒಪ್ಪಿಸಿಕೊಡುವ ಮಾತು. ಅಗಲಿ ಹೋದವನು ಮರಳಿ ಬಂದಾಗಲೇ ಕೇರಿ ತುಂಬುತ್ತದೆಂಬ ಭಾವ ಇದರ ಹಿಂದಿದೆ.

‘ಮರಳು’ ಎಂಬ ಕ್ರಿಯೆಯು ಕವನದಲ್ಲಿ ಎರಡೆಡೆ ಬಂದಿದೆ. ಮೊದಲು ಅದು ಮನುಷ್ಯನಿಗೆ ಸಲ್ಲುತ್ತದೆ. ಎರಡನೆಯ ಸಲ ನೆಲಕ್ಕೆ, ಅದರ ಯೌವನಕ್ಕೆ ಸಲ್ಲುತ್ತದೆ. ಮಳೆ ಬಿದ್ದು ನೆಲ ಮತ್ತೆ ಪ್ರಾಯ ತಳೆದುದಕ್ಕೂ ಗೆಳೆಯ ಮನೆಗೆ ತಿರುಗುವುದಕ್ಕೂ ಕವಿ ಒಂದೇ ಧಾತುವನ್ನು ಬಳಸಿರುವುದು ಆಕಸ್ಮಿಕವೆನ್ನಲಾಗದು. ನೆಲದ ಪುನರುಜ್ಜೀವನವೂ ಜನರ ಪುನರಾಗಮನವೂ ಒಂದೇ ಕ್ರಿಯೆಯ ಎರಡು ಮುಖಗಳಾಗಿವೆ. ಒಂದನ್ನು ಬಿಟ್ಟು ಇನ್ನೊಂದು ಇಲ್ಲ.

ಹಸಿರು ಹಬ್ಬುವ ಕ್ರಮವೂ ಇದಕ್ಕೆ ಅನುಗುಣವಾಗಿದೆ. ಅದು ಮೊದಲು ಕೆರೆಯ ಏರಿಗೆ ಹತ್ತುತ್ತದೆ, ಆಮೇಲೆ ಊರನ್ನು ಸೇರುತ್ತದೆ, ಕಡೆಗೆ ದಾರಿಗೆ ಕೈಚಾಚುತ್ತದೆ. ಕೇರಿಗೆ ಜೀವವು ನೀರಿನ ಕಡೆಯಿಂದ, ಒಳಗಿನಿಂದ ಬರುತ್ತದೆ. ಹೊರಗಿನ ದಾರಿಯು ಅದರ ಫಲವನ್ನು ಮಾತ್ರ ಪಡೆಯುತ್ತದೆ. ಒಂದನ್ನೊಂದು ಬೇರ್ಪಡಿಸಲೆಂದೇ ಹಾಕಿದ ಬೇಲಿಗೆ ಕೂಡ ಹೂವಿನ ಬೆರಳುಗಳು ಮೂಡುತ್ತವೆ. ಇಷ್ಟೆಲ್ಲ ವರ್ಣನೆಯಲ್ಲಿ ಒಂದು ಕಟ್ಟಡವಿಲ್ಲ, ಒಬ್ಬ ಮಹನೀಯನ ಹೆಸರಿಲ್ಲ, ಒಂದು ಸ್ಮಾರಕವಿಲ್ಲ. ಕರೆಯುವವನು ತಾನು ಮಾಡಿದ್ದೇನೆಂದು ಹೇಳಿಕೊಳ್ಳುವುದೂ ಇಲ್ಲ. ಅವನ ಕಾರ್ಯವೆಲ್ಲ ಕಾಣುವುದು, ತೋರಿಸುವುದು, ಕರೆಯುವುದು. ಈ ಕವನದಲ್ಲಿರುವ ಮುಂದಾಳುತನ ಇದು.

3

ಈ ಬಗೆಯ ಮುಂದಾಳುತನವು ಕವಿಕಲ್ಪನೆ ಮಾತ್ರವೆ? ಅವಳಿನಗರಗಳ ಇತಿಹಾಸವನ್ನು ನೋಡಿದರೆ ಹಾಗೆನ್ನುವಂತಿಲ್ಲ.

ಇಲ್ಲಿ ಎರಡು ಬೇರೆ ಬೇರೆ ಪರಂಪರೆಗಳು ಕಾಣಸಿಗುತ್ತವೆ. ಮೊದಲನೆಯದು ಹುಬ್ಬಳ್ಳಿಯ ವರ್ತಕ ಪರಂಪರೆ. 1727ರ ಸುಮಾರಿಗೆ, ಸವಣೂರು ನವಾಬರ ಆಳ್ವಿಕೆಯಲ್ಲಿ, ಬಸಪ್ಪ ಶೆಟ್ಟರೆಂಬ ವರ್ತಕರು ದುರ್ಗದಬೈಲಿನ ಸುತ್ತ ಹೊಸ ಹುಬ್ಬಳ್ಳಿಯನ್ನು ಕಟ್ಟಿಸಿದರು. ಆಳುವವರ ಅನುಮತಿ, ವರ್ತಕನ ಬಂಡವಾಳ, ವ್ಯಾಪಾರದ ಅಗತ್ಯ ಈ ಮೂರೂ ಕೂಡಿ ಅಲ್ಲೊಂದು ಪೇಟೆ ನೆಲೆನಿಂತಿತು. ಇಂದಿಗೂ ಅದು ಹುಬ್ಬಳ್ಳಿಯ ಹೃದಯಸ್ಥಾನವಾಗಿರುವುದು ಆ ಕಾರ್ಯದ ಗಟ್ಟಿತನಕ್ಕೆ ಸಾಕ್ಷಿ.

ಎರಡನೆಯದು ಧಾರವಾಡದ ಪರಂಪರೆ. ಅದಕ್ಕೆ ಬಂಡವಾಳವಾಗಿದ್ದುದು ಭಾಷೆಯ ಅಭಿಮಾನ. 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದಾಗ ಈ ಊರಿನ ಶಾಲೆ ಕಚೇರಿಗಳಲ್ಲಿ ಮರಾಠಿಯ ಪ್ರಭಾವ ಬಲವಾಗಿತ್ತು. ಮೂವತ್ತು ವರ್ಷಗಳ ತರುವಾಯ ಬೇಂದ್ರೆಯವರ ಸುತ್ತ ಕೂಡಿದ ‘ಗೆಳೆಯರ ಗುಂಪು’ ಸಂಘಕ್ಕಿಂತಲೂ ಸಡಿಲವಾದ ರಚನೆ. ಶಂ. ಬಾ. ಜೋಶಿ, ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿ, ಬೆಟಗೇರಿ ಕೃಷ್ಣಶರ್ಮ, ಮಧುರಚೆನ್ನ ಮೊದಲಾದವರು ಅಲ್ಲಿ ಕೂಡಿದುದು ಗೆಳೆತನವೆಂಬ ಒಂದೇ ಕಟ್ಟಿನಿಂದ. 1926ರಲ್ಲಿ ಆರಂಭವಾದ ನಾಡಹಬ್ಬವು ಓದಿದವರ ಈ ಗೋಷ್ಠಿಯನ್ನು ಬೀದಿಯ ಜನರತ್ತ ತಂದಿತು. 1933ರಲ್ಲಿ ಜಿ. ಬಿ. ಜೋಶಿಯವರು ಗೆಳೆಯರೊಡನೆ ಸ್ಥಾಪಿಸಿದ ಮನೋಹರ ಗ್ರಂಥಮಾಲೆಯ ‘ಅಟ್ಟ’ವು ಈ ಪರಂಪರೆಯ ಮುಂದಿನ ಹಂತ. ಸುಭಾಸ ರಸ್ತೆಯ ಆ ಅಟ್ಟದಲ್ಲಿ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರ ಸಲಹೆ ದೊರೆಯುತ್ತಿತ್ತು. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಅಚ್ಚಾಗಿ ಬಂದುದು ಅಲ್ಲಿಂದಲೇ. ವ್ಯಾಪಾರಿ ಬೀದಿಯೊಂದು ಕನ್ನಡ ನಾಟಕದ ಇತಿಹಾಸದಲ್ಲಿ ಸ್ಥಾನ ಪಡೆದುದು ಹೊಸ ಕಟ್ಟಡದಿಂದಲ್ಲ. ಇದ್ದ ಕಟ್ಟಡದ ಮೇಲಂತಸ್ತಿಗೆ ಜನ ಹತ್ತಿ ಬಂದುದರಿಂದ.

ಈ ಮುಂದಾಳುಗಳಿಗೆ ಅಧಿಕಾರವಿರಲಿಲ್ಲ, ಹಣವೂ ಇರಲಿಲ್ಲ. ‘ನರಬಲಿ’ ಕವನಕ್ಕಾಗಿ 1932ರಲ್ಲಿ ಸೆರೆವಾಸ ಕಂಡ ಬೇಂದ್ರೆಯವರು ಅನಂತರ ಉದ್ಯೋಗವಿಲ್ಲದೆ ಬಹಳ ಕಾಲ ಬವಣೆಪಟ್ಟರು. 1944ರಿಂದ 1956ರ ವರೆಗೆ ಸೊಲ್ಲಾಪುರದಲ್ಲಿ ಅಧ್ಯಾಪಕರಾಗಿದ್ದು ಮತ್ತೆ ಸಾಧನಕೇರಿಗೆ ಬಂದರು. ತಮ್ಮ ಊರಲ್ಲಿ ಉಳಿಯುವುದೇ ಕಷ್ಟವಾಗಿದ್ದವರು ಇತರರನ್ನು ಆ ಊರಿಗೆ ಕರೆದರೆಂಬುದನ್ನು ನೆನೆದರೆ ಕವನದ ಕರೆಗೆ ಇನ್ನಷ್ಟು ತೂಕ ಬರುತ್ತದೆ.

4

ಆದರೆ ವಿಮರ್ಶೆಯು ಇಷ್ಟಕ್ಕೇ ನಿಲ್ಲುವಂತಿಲ್ಲ. ‘ಕೇರಿ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಇನ್ನೊಂದು ಚರಿತ್ರೆಯುಂಟು. ಜಾತಿಜಾತಿಗೆ ಒಂದೊಂದು ಕೇರಿಯಾಗಿ ಊರನ್ನು ವಿಂಗಡಿಸಿದುದು, ಕೆಲವರ ಕೇರಿಗಳನ್ನು ಊರ ಹೊರಗೇ ಇರಿಸಿದುದು ಆ ಶಬ್ದದಲ್ಲಿಯೇ ಹುದುಗಿದೆ. ಬೇಂದ್ರೆಯವರ ಕವನ ಈ ಅರ್ಥವನ್ನು ಮುಟ್ಟುವುದಿಲ್ಲ. ಅಲ್ಲಿಯ ಕರೆ ಗೆಳೆಯನಿಗೆ. ಗೆಳತಿಗಲ್ಲ, ಅಪರಿಚಿತನಿಗೂ ಅಲ್ಲ. ಗೆಳೆತನವೆಂಬ ಕಟ್ಟು ಎಷ್ಟು ಮಧುರವೋ ಅಷ್ಟೇ ಸಂಕುಚಿತವೂ ಆಗಬಲ್ಲುದು. ಗುಂಪಿನಲ್ಲಿದ್ದವರು ಬಹುಮಟ್ಟಿಗೆ ಓದಿದ ಗಂಡಸರು.

ಅದೇ ಕಾಲದ, ಅದೇ ಊರಿನ ಇನ್ನೊಂದು ಅನುಭವವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1913ರಲ್ಲಿ ಹುಟ್ಟಿ, ಧಾರವಾಡದ ಶುಕ್ರವಾರಪೇಟೆಯಲ್ಲಿ ಬೆಳೆದ ಗಂಗೂಬಾಯಿ ಹಾನಗಲ್ಲರು ತಮ್ಮ ಬಾಲ್ಯವನ್ನು ನೆನೆದು ಹೇಳಿದ ಪ್ರಸಂಗವೊಂದು ಪ್ರಸಿದ್ಧವಾಗಿದೆ. ನೆರೆಯವರ ತೋಟದ ಮಾವಿನಹಣ್ಣನ್ನು ಮಕ್ಕಳು ಕದ್ದಾಗ ಮನೆಯವರಿಗೆ ಕಳವಿಗಿಂತ ಹೆಚ್ಚಾಗಿ ಕಂಡುದು ಹಾಡುವವಳ ಮಗಳು ತಮ್ಮ ಅಂಗಳವನ್ನು ತುಳಿದಳೆಂಬ ಅಪರಾಧ. ಮುಂದೆ ಅದೇ ಜನ ಅವರನ್ನು ಮನೆಗೆ ಕರೆದರೆಂದೂ ಅವರು ಹೇಳಿದ್ದಾರೆ. ಕವನದಲ್ಲಿ ಹೂವು ಬಿಟ್ಟ ಬೇಲಿಯು ಶುಕ್ರವಾರಪೇಟೆಯಲ್ಲಿ ಆ ಹುಡುಗಿಗೆ ಬರಿಯ ಬೇಲಿಯಾಗಿಯೇ ಇತ್ತು. ಅದು ಮುಂದೆ ತೆರೆದುದು ಆಕೆಯ ಕೀರ್ತಿಯಿಂದಲೇ ಹೊರತು ಕೇರಿಯ ಔದಾರ್ಯದಿಂದಲ್ಲ. ಹೀಗೆ ಕೀರ್ತಿ ಗಳಿಸದೆ ಉಳಿದವರ ಗತಿಯೇನು ಎಂಬ ಪ್ರಶ್ನೆಯನ್ನು ಕೇರಿಯ ಪುನರುಜ್ಜೀವನದ ಕುರಿತು ಮಾತನಾಡುವವರು ಎದುರಿಸಲೇಬೇಕು.

ಇದರಿಂದ ಕವನದ ಬೆಲೆ ಕುಂದುವುದಿಲ್ಲ. ಊರು ನಿನ್ನದು ಎಂಬ ಅದರ ಮಾತೇ ನಮಗೆ ಅಳತೆಗೋಲನ್ನು ಒದಗಿಸುತ್ತದೆ. ಆ ಮಾತನ್ನು ಯಾರಿಗೆಲ್ಲ ಹೇಳಲಾಯಿತು, ಯಾರಿಗೆ ಹೇಳಲಿಲ್ಲ ಎಂದು ಕೇಳುವ ಹಕ್ಕನ್ನು ಕವನವೇ ನಮಗೆ ಕೊಟ್ಟಿದೆ.

5

ಈ ಚರ್ಚೆಗೆ ಇಂದು ವಿಶೇಷ ಮಹತ್ವವಿದೆ. 1962ರಲ್ಲಿ ಒಂದೇ ಮಹಾನಗರಪಾಲಿಕೆಯ ಆಡಳಿತಕ್ಕೆ ಬಂದ ಹುಬ್ಬಳ್ಳಿ-ಧಾರವಾಡಗಳು 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದವು. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಯನ್ನು ರಚಿಸಲು 2025ರ ಜನವರಿಯಲ್ಲಿ ರಾಜ್ಯದ ಸಚಿವ ಸಂಪುಟ ಸಮ್ಮತಿಸಿತು. ಹಳೆಯ ಓಣಿ, ಪೇಟೆ, ಕೆರೆಗಳ ಭವಿಷ್ಯವನ್ನು ನಿರ್ಣಯಿಸುವವರು ಯಾರೆಂಬ ಪ್ರಶ್ನೆ ಹೀಗೆ ಹೊಸದಾಗಿ ಎದ್ದಿದೆ. ಸಾಧನಕೇರಿಯಲ್ಲಿ ಈಗ ಬೇಂದ್ರೆಯವರ ಹೆಸರಿನ ಭವನವಿದೆ, ಅವರ ಸ್ಮಾರಕ ಟ್ರಸ್ಟ್ ಇದೆ. ಇವು ಅವಶ್ಯವಾದವುಗಳೇ. ಕಟ್ಟಡವಿಲ್ಲದೆ ನೆನಪು ಬಹುಕಾಲ ನಿಲ್ಲದು; ಕೆರೆಯ ಹೂಳು ತೆಗೆಯಲು ಕವನದಿಂದ ಸಾಧ್ಯವಿಲ್ಲ, ಅದಕ್ಕೆ ಪಾಲಿಕೆಯ ಹಣವೇ ಬೇಕು. ಬಸಪ್ಪ ಶೆಟ್ಟರ ಪರಂಪರೆಯೂ ನಮಗೆ ಬೇಕಾದದ್ದೇ.

ಆದರೆ ಕಟ್ಟಡವು ಸಾಧನ, ಸಾಧ್ಯವಲ್ಲ. ಸ್ಮಾರಕವು ಮುಂದಾಳಿನ ಹೆಸರನ್ನು ಉಳಿಸುತ್ತದೆ. ಆ ಮುಂದಾಳು ಮಾಡುತ್ತಿದ್ದ ಕೆಲಸವನ್ನು ಉಳಿಸುವುದು ಅದರ ಕೈಯಲ್ಲಿಲ್ಲ. ಆ ಕೆಲಸವು ಜನರನ್ನು ಕರೆಯುವುದಾಗಿತ್ತು, ಕೂಡಿಸುವುದಾಗಿತ್ತು. ಕೆರೆಯ ಏರಿಯ ಮೇಲೆ ಇಂದು ಯಾರು ಕೂಡುತ್ತಾರೆ, ಅವರಲ್ಲಿ ಆ ಕೇರಿಯ ಬಡವರೆಷ್ಟು, ಹೆಂಗಸರೆಷ್ಟು, ಅವರ ಮಾತನ್ನು ಯೋಜನೆ ಮಾಡುವವರು ಕೇಳಿದರೆ ಎಂಬುದೇ ಯಾವುದೇ ಪುನರುಜ್ಜೀವನಕ್ಕೆ ಒರೆಗಲ್ಲು. ಈ ಒರೆಗಲ್ಲನ್ನು ನಾವು ಹೊರಗಿನಿಂದ ತರಬೇಕಾಗಿಲ್ಲ. ನಮ್ಮ ಊರಿನ ಕವನದಲ್ಲಿಯೇ ಅದು ಇದೆ. ಧಾರವಾಡದ ಕಾಲೇಜುಗಳಲ್ಲಿ ಈ ಕವನವನ್ನು ಕಲಿಸುವ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಒಂದು ಸಂಜೆಯಾದರೂ ಆ ಏರಿಯ ಮೇಲೆ ಕೂಡಿಸಿ ಅದನ್ನು ಓದಿಸಿದರೆ, ಅಲ್ಲಿಯ ನಿವಾಸಿಗಳನ್ನೂ ಜೊತೆಗೆ ಕೂಡಿಸಿಕೊಂಡರೆ, ಪಾಠವೂ ಆಗುತ್ತದೆ; ಕೇರಿಯ ಕೆಲಸವೂ ಅಷ್ಟರಮಟ್ಟಿಗೆ ಮುಂದುವರಿಯುತ್ತದೆ.