ಮಸೆಯೋದು ಮರೆತವನ ನಿಘಂಟು

ಎರಡು ತಿಂಗಳಿಂದ ಟ್ರಿಮ್ಮರ್ ಬಿಟ್ಟು, ಮಡಚುವ ಹಳೇ ಕಾಲದ ಕ್ಷೌರದ ಕತ್ತೀಲಿ ಶೇವ್ ಮಾಡ್ತಿದೀನಿ. ಸದ್ಯಕ್ಕೆ ಇದೇ ಹವ್ಯಾಸ. ಕೆನ್ನೆ ಬಚಾವ್, ಗದ್ದಕ್ಕೆ ಎರಡು ಗೀರು. ಕತ್ತಿಯನ್ನು ಕಲ್ಲಿಗೆ ಉಜ್ಜಿ ಹರಿತ ಮಾಡೋದು 'ಹೋನಿಂಗ್' ಅಂತ ವಿಡಿಯೋ ನೋಡಿ ಕಲಿತೆ. ಕನ್ನಡದಲ್ಲಿ ಏನಂತಾರೆ? ನಾಲಿಗೆ ತುದೀಲೇ ಇತ್ತು, ಬರಲಿಲ್ಲ.

ನನ್ನ ಮೆಚ್ಚಿನ 'ಅಲರ್' ತೆರೆದೆ. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಇದು. 1.5 ಲಕ್ಷದಷ್ಟು ಪದಗಳಿವೆ. 2019ರಲ್ಲಿ ಅಂತರ್ಜಾಲಕ್ಕೆ ಬಂತು. ಮುಕ್ತ ಪರವಾನಗಿ ಇರೋದ್ರಿಂದ ಇಡೀ ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು. ಸಾಫ್ಟ್‌ವೇರಿನವನಾಗಿ ಇದಕ್ಕೆ ಕೈ ಮುಗೀತೀನಿ.

ಆದ್ರೆ ಇದನ್ನು ಕಟ್ಟಿರೋದೇ ಕನ್ನಡ ಪದದಿಂದ ಇಂಗ್ಲಿಷ್ ಅರ್ಥಕ್ಕೆ. ಪದ ಹಿಡ್ಕೊಂಡು ಹೋದವನಿಗೆ ಅರ್ಥ ಸಿಗುತ್ತೆ. ಪದವನ್ನೇ ಕಳಕೊಂಡವನು ಏನು ಹಿಡ್ಕೊಂಡು ಹೋಗ್ಬೇಕು?

ಅಪ್ಪನಿಗೆ ಫೋನ್ ಮಾಡಿದೆ. "ಮಸೆಯೋದು ಕಣೋ. ಕುಡುಗೋಲು ಮಸೀತಿರ್ಲಿಲ್ವಾ ನೀನು?"

ಮಸೆ! ರಾಜಕಾರಣಿಗಳು ಒಬ್ಬರ ಮೇಲೊಬ್ಬರು ಕತ್ತಿ ಮಸೆಯೋದನ್ನ ಪೇಪರಿನಲ್ಲಿ ಓದ್ತಾನೇ ಇರ್ತೀನಿ. ನಿಜವಾದ ಕತ್ತಿ ಕೈಗೆ ಬಂದಾಗ ಮಾತ್ರ ಹೊಳೀಲಿಲ್ಲ. ಗಾದೆ-ನುಡಿಗಟ್ಟಿನಲ್ಲಿ ಉಳಿದ ಪದ ನನ್ನ ಕೈಯಿಂದ ಯಾವಾಗಲೋ ಜಾರಿತ್ತು.

ಹಾಗಾಗಿ ಅಲರ್ ಬಗ್ಗೆ ನನ್ನ ತಕರಾರು ಅಲರ್‌ನದ್ದಲ್ಲ, ನನ್ನದೇ. ನಿಘಂಟು ಪದವನ್ನು ಕಾಯುತ್ತೆ, ನಮ್ಮ ಪರವಾಗಿ ಬಳಸಲ್ಲ. ಈಗ ಪ್ರತಿ ಭಾನುವಾರ ಶೇವ್ ಮುಗಿಸಿ ಅಪ್ಪನಿಗೆ ಫೋನ್ ಮಾಡ್ತೀನಿ. ಮೊದಲು ಅವರನ್ನ ಕೇಳೋದು, ಆಮೇಲೆ ಅಲರ್‌ನಲ್ಲಿ ನೋಡೋದು.